ದೊಡ್ಡ ಸಂಖ್ಯೆಯೊಂದನ್ನು ಪೆನ್ನು-ಕಾಗದದಲ್ಲೇ ಬಿಡಿಸುವುದು ಹೇಗೆ? 12345654321ರ ಜೊತೆ ಒಂದು ಭಾನುವಾರ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಆರೇಳು ಮಕ್ಕಳು ಗಣಿತಕ್ಕೆ ಬರುತ್ತಾರೆ. ಮನೆಯಲ್ಲಿ ಕನ್ನಡ ಅಥವಾ ತುಳು, ಮೆಟ್ಟಿಲಿಳಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಹಾಗಾಗಿ ದೊಡ್ಡ ಸಂಖ್ಯೆ ಎದುರಾದರೆ ಅವರು ಮೊದಲು ಎಡವುವುದು ಓದುವುದರಲ್ಲೇ. ಕಳೆದ ತಿಂಗಳು ಬೋರ್ಡಿನ ಮೇಲೆ 12345654321 ಎಂದು ಬರೆದು ಸುಮ್ಮನೆ ನಿಂತೆ. 'ಬಾರಾಶೇ ಚೌತೀಸ್ ಕೋಟಿ' ಎಂದು ಒಬ್ಬ ಶುರುಮಾಡಿದ, 'ಟ್ವೆಲ್ವ್ ಬಿಲಿಯನ್' ಎಂದು ಇನ್ನೊಬ್ಬಳು. ಕನ್ನಡದಲ್ಲಿ ಪೂರ್ತಿ ಹೇಳಿಸಲು ಐದು ನಿಮಿಷ ಹಿಡಿಯಿತು: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಈ ಸಂಖ್ಯೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಗುಣಾಕಾರ ಕಲಿಸುವಾಗ ಕೊಟ್ಟ ಲೆಕ್ಕಗಳಲ್ಲಿ ಇದೂ ಒಂದು: 27994681ನ್ನು 441ರಿಂದ ಗುಣಿಸು. ಉತ್ತರ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಹಾರ ಪೋಣಿಸುವುದನ್ನು ಅವರು ತೋರಿಸಿದರು. ಅದರ ಮಣಿಗಳನ್ನು, ಅಂದರೆ ಗುಣಿಸಿದರೆ ಈ ಸಂಖ್ಯೆಯನ್ನೇ ಕೊಡುವ ಅವಿಭಾಜ್ಯ ಸಂಖ್ಯೆಗಳನ್ನು, ಒಂದೊಂದಾಗಿ ಬಿಡಿಸುವುದನ್ನು ಇಲ್ಲಿ ನೋಡೋಣ. ಇದೇ ದಾರಿಯಲ್ಲಿ ನಿಮ್ಮ ಕೈಗೆ ಸಿಕ್ಕ ಬೇರೆ ಯಾವ ಸಂಖ್ಯೆಯನ್ನಾದರೂ ಪರೀಕ್ಷಿಸಬಹುದು.

ಬೇಕಾದದ್ದು ಚೌಕುಳಿ ಪುಸ್ತಕ, ಪೆನ್ನು, ಅರ್ಧ ದಿನದ ಬಿಡುವು. ಕ್ಯಾಲ್ಕುಲೇಟರನ್ನು ಸದ್ಯಕ್ಕೆ ದೂರವಿಡಿ. ಅಂಗಡಿಯಲ್ಲಿ ಸಿಗುವ ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ ಈ ಸಂಖ್ಯೆ ಹಿಡಿಯುವುದೇ ಇಲ್ಲ. ಎಕ್ಸೆಲ್‌ನಲ್ಲಿ ಹಿಡಿಯುತ್ತದೆ, ಆದರೆ ಅಲ್ಲಿ 15 ಅಂಕಿ ದಾಟಿದ ಮೇಲಿನವೆಲ್ಲ ಸೊನ್ನೆಯಾಗಿಬಿಡುತ್ತವೆ. ಹದಿನಾರಂಕಿಯ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸದ್ದಿಲ್ಲದೆ ಮಾಯ. ಬಿಡಿ ಸ್ಥಾನದ ಅಂಕಿಯೇ ತಪ್ಪಿದ ಮೇಲೆ ಭಾಜ್ಯತೆ ನೋಡಿ ಏನು ಫಲ?

ಹಂತ 1: ಬರೆದುಕೊಳ್ಳಿ, ಎಣಿಸಿ, ಬಲದಿಂದ ಕತ್ತರಿಸಿ

ಸಂಖ್ಯೆಯನ್ನು ಒಂದು ಚೌಕಕ್ಕೆ ಒಂದಂಕಿಯಂತೆ ಬರೆಯಿರಿ. ಲಕ್ಷ-ಕೋಟಿಯ ಅಲ್ಪವಿರಾಮ ಹಾಕಬೇಡಿ. ಓದುವುದಕ್ಕೆ ಅದು ಸರಿ, ಪರೀಕ್ಷೆಗೆ ನಮಗೆ ಬೇಕಿರುವುದು ಮೂರು ಮೂರು ಅಂಕಿಯ ತುಂಡುಗಳು, ಅದೂ ಬಲಗಡೆಯಿಂದ:

12 | 345 | 654 | 321

ಬಲಗಡೆಯಿಂದ ಎಂದು ಒತ್ತಿ ಹೇಳುತ್ತಿರುವುದು ಸುಮ್ಮನಲ್ಲ. ಎಂಟನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗಳು ಎಡದಿಂದ ಕತ್ತರಿಸಿ 123 | 456 | 543 | 21 ಎಂದು ಮಾಡಿಕೊಂಡು ಅರ್ಧ ಗಂಟೆ ಕಷ್ಟಪಟ್ಟಳು. ಅವಳ ತಪ್ಪು ಹೇಗೆ ಸಿಕ್ಕಿತೆಂಬುದನ್ನು ಮೂರನೇ ಹಂತದಲ್ಲಿ ಹೇಳುತ್ತೇನೆ.

ಹಂತ 2: ಅಂಕಿ ನೋಡಿಯೇ ಹೇಳಬಹುದಾದದ್ದು

ಕೊನೆಯ ಅಂಕಿ 1. ಆದ್ದರಿಂದ ಬೆಸ ಸಂಖ್ಯೆ, 5ರಿಂದಲೂ ಭಾಗವಾಗದು. ಅಂಕಿಗಳ ಮೊತ್ತ 1+2+3+4+5+6+5+4+3+2+1 = 36. ಇದು 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ ಭಾಗವಾಗುತ್ತದೆ. 11ಕ್ಕೆ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ ಕಳೆಯಬೇಕು: ಬೆಸ ಸ್ಥಾನದವು 1+3+5+5+3+1 = 18, ಸಮ ಸ್ಥಾನದವು 2+4+6+4+2 = 18. ವ್ಯತ್ಯಾಸ ಸೊನ್ನೆ, ಹಾಗಾಗಿ 11ರಿಂದಲೂ ಭಾಗ.

ಇಷ್ಟನ್ನು ನಾನು ಡೊಂಬಿವಲಿಯಿಂದ ದಾದರಿಗೆ ಹೋಗುವ ಲೋಕಲಿನಲ್ಲಿ ನಿಂತುಕೊಂಡೇ, ಬಾಯಿಲೆಕ್ಕದಲ್ಲಿ ಮಾಡುವುದುಂಟು. ಮುಂದಿನದಕ್ಕೆ ಮಾತ್ರ ಮೇಜು ಬೇಕು.

ಹಂತ 3: 1001ರ ಪರೀಕ್ಷೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ, ನಿಧಾನವಾಗಿ ಓದಿ.

7 × 11 × 13 = 1001. ಹಾಗಾಗಿ 1001 ಒಂದನ್ನೇ ಪರೀಕ್ಷಿಸಿದರೆ 7, 11, 13 ಮೂರರ ವಿಷಯವೂ ಒಟ್ಟಿಗೆ ತಿಳಿಯುತ್ತದೆ. ಮದುವೆಗೆ ಮುಯ್ಯಿ ಹಾಕುವಾಗ ಲಕೋಟೆಯಲ್ಲಿ ಸಾವಿರದೊಂದು ಇಡುತ್ತೇವಲ್ಲ, ಅದನ್ನೇ ನೆನಪಿಸಿಕೊಳ್ಳಿ. ಕೈಯಲ್ಲಿ ಬರೀ ಸಾವಿರದ ಕಟ್ಟುಗಳಿದ್ದರೆ ಪ್ರತಿ ಲಕೋಟೆಗೂ ಒಂದು ರೂಪಾಯಿ ಕಡಿಮೆ ಬೀಳುತ್ತದೆ. 654 ಸಾವಿರವಿದ್ದರೆ 654 ಲಕೋಟೆ, 654 ರೂಪಾಯಿಯ ಕೊರತೆ. ಅಂದರೆ 1001ರ ಲೆಕ್ಕದಲ್ಲಿ ಸಾವಿರವೆಂದರೆ ಕಳೆಯುವ ಒಂದು. ಹತ್ತು ಲಕ್ಷವೆಂದರೆ ಸಾವಿರದ ಸಾವಿರ, ಕಳೆಯುವುದನ್ನು ಕಳೆದಂತೆ, ಮತ್ತೆ ಕೂಡಿಸುವ ಒಂದು. ಆದ್ದರಿಂದ ಮೂರಂಕಿಯ ತುಂಡುಗಳನ್ನು ಬಲದಿಂದ ಕೂಡಿಸುತ್ತ, ಕಳೆಯುತ್ತ ಹೋದರೆ ಸಾಕು:

321 − 654 + 345 − 12 = 0

ಸೊನ್ನೆ! ಸಂಖ್ಯೆ 1001ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಸೊನ್ನೆ ಬರದೆ ಬೇರೇನಾದರೂ ಬಂದರೆ ಆ ಚಿಕ್ಕ ಸಂಖ್ಯೆಯನ್ನು 7, 11, 13ರಿಂದ ಬೇರೆ ಬೇರೆಯಾಗಿ ಭಾಗಿಸಿ ನೋಡಿ. ಅದಕ್ಕೆ ಬಂದ ತೀರ್ಪೇ ದೊಡ್ಡ ಸಂಖ್ಯೆಗೂ.

ಈಗ ಅಕ್ಕನ ಮಗಳ ತಪ್ಪಿಗೆ ಬರೋಣ. ಎಡದಿಂದ ಕತ್ತರಿಸಿದ್ದರಿಂದ ಅವಳಿಗೆ 123 − 456 + 543 − 21 = 189 ಬಂತು. 189 = 7 × 27. 'ಮಾಮ, 7ರಿಂದ ಹೋಗುತ್ತೆ, 13ರಿಂದ ಹೋಗಲ್ಲ' ಎಂದಳು. 'ಹನ್ನೊಂದು?' ಎಂದೆ. 189 ಹನ್ನೊಂದರಿಂದಲೂ ಹೋಗುವುದಿಲ್ಲ. ಆದರೆ ಎರಡನೇ ಹಂತದಲ್ಲಿ ಅವಳೇ 18, 18 ಎಂದು ಬರೆದು 11ರ ಎದುರು ಗುರುತು ಹಾಕಿದ್ದಳು. ಎರಡು ಸಾಲನ್ನೂ ಮತ್ತೆ ಮತ್ತೆ ನೋಡಿದಳು, ಪೆನ್ನಿನ ತುದಿ ಕಚ್ಚಿದಳು, ಆಮೇಲೆ ಪುಟ ತಿರುಗಿಸಿ ಬಲದಿಂದ ಗೆರೆ ಎಳೆಯತೊಡಗಿದಳು. ಒಂದೇ ವಿಷಯವನ್ನು ಎರಡು ದಾರಿಯಲ್ಲಿ ನೋಡಿ ಎನ್ನುವುದು ಇದಕ್ಕೇ. ತಪ್ಪು ಉತ್ತರದಲ್ಲೂ 7 ಸರಿಯಾಗಿಯೇ ಬಂದಿತ್ತು. 11 ಕೈಹಿಡಿಯದಿದ್ದರೆ 13 ಸಿಗದೇ ಹೋಗುತ್ತಿತ್ತು.

ಭಾಗಿಸುವುದಕ್ಕೂ ಸುಲಭ ದಾರಿಯಿದೆ. ನಿಶ್ಶೇಷವಾಗಿ ಭಾಗವಾಗುತ್ತದೆಂದು ಖಚಿತವಾದ ಮೇಲೆ ಮಾತ್ರ ಇದನ್ನು ಬಳಸಿ. ಭಾಗಲಬ್ಧವನ್ನು ಸಾವಿರದಿಂದ ಗುಣಿಸಿ ಅದಕ್ಕೇ ಅದನ್ನು ಕೂಡಿಸಿದರೆ ನಮ್ಮ ಸಂಖ್ಯೆ ಬರಬೇಕು. ಹಾಗಾಗಿ ಭಾಗಲಬ್ಧದ ಕೊನೆಯ ತುಂಡು 321 ಆಗಲೇಬೇಕು. ಅದರ ಹಿಂದಿನದು 654 − 321 = 333. ಅದರ ಹಿಂದಿನದು 345 − 333 = 12. ಕೊನೆಗೆ 12 − 12 = 0, ಅಲ್ಲಿಗೆ ಮುಗಿಯಿತು. ಭಾಗಲಬ್ಧ 12 | 333 | 321. ಎಲ್ಲಾದರೂ ಕಳೆಯಲು ಸಾಲದಿದ್ದರೆ ಎಡದ ತುಂಡಿನಿಂದ ಸಾಲ ತನ್ನಿ, ಎಂದಿನ ವ್ಯವಕಲನದಂತೆಯೇ. ನಡುವಿನ ತುಂಡು 12 ಬಂದರೆ 012 ಎಂದು ಬರೆಯಲು ಮರೆಯಬೇಡಿ.

ಒಮ್ಮೆ ಸಿಕ್ಕಿತೆಂದು ನಿಲ್ಲಬೇಡಿ, ಸಿಕ್ಕಿದ್ದನ್ನೇ ಮತ್ತೆ ಪರೀಕ್ಷಿಸಿ. 321 − 333 + 12 = 0. ಮತ್ತೊಮ್ಮೆ 1001! ಭಾಗಿಸಿದರೆ 321, ಆಮೇಲೆ 333 − 321 = 12, ಅಂದರೆ 12321. ಮೂರನೇ ಸಲ 321 − 12 = 309; ಇದು 7, 11, 13 ಯಾವುದರಿಂದಲೂ ಹೋಗದು. 1001 ಸರಿಯಾಗಿ ಎರಡು ಸಲ, ಅಷ್ಟೇ.

ಹಂತ 4: ಉಳಿದದ್ದನ್ನು 999ರಿಂದ ಹಿಡಿಯುವುದು

999 = 27 × 37. ಇಲ್ಲಿ ಸಾವಿರವೆಂದರೆ ಕೂಡಿಸುವ ಒಂದು, ಹಾಗಾಗಿ ತುಂಡುಗಳನ್ನೆಲ್ಲ ಸುಮ್ಮನೆ ಕೂಡಿಸಿದರಾಯಿತು. 12321ಕ್ಕೆ 12 + 321 = 333 = 9 × 37. ಆದ್ದರಿಂದ 9 ಮತ್ತು 37 ಎರಡರಿಂದಲೂ ಭಾಗ, 27ರಿಂದ ಇಲ್ಲ. 12321 ÷ 9 = 1369, ಇದು 37 × 37.

ಮಣಿಗಳೆಲ್ಲ ಕೈಗೆ ಬಂದವು:

12345654321 = 3² × 7² × 11² × 13² × 37²

ಕಣ್ಣುಮುಚ್ಚಿ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಲು ಹೊರಟಿದ್ದರೆ ವರ್ಗಮೂಲದವರೆಗೆ, ಅಂದರೆ 111111ರವರೆಗೆ ಹೋಗಲು ಸಿದ್ಧರಿರಬೇಕಿತ್ತು. ಮೊದಲ 1001 ಕಳಚಿದ್ದೇ ಆ ಮಿತಿ 3511ಕ್ಕೆ ಇಳಿಯಿತು. ಎರಡನೆಯದಕ್ಕೆ 111, 9 ಹೋದ ಮೇಲೆ 37. ಅದಕ್ಕೇ ಸಿಕ್ಕ ಅಪವರ್ತನವನ್ನು ಆಗಿಂದಾಗಲೇ ಹೊರತೆಗೆಯಬೇಕು.

ಹಂತ 5: ಪೂರ್ಣ ವರ್ಗವೇ?

ಘಾತಗಳೆಲ್ಲ 2 ಇರುವುದರಿಂದ ಹೌದು. ವರ್ಗಮೂಲ 3 × 7 × 11 × 13 × 37 = 111111. ಚೌಕುಳಿ ಪುಸ್ತಕದಲ್ಲಿ 111111 × 111111 ಮಾಡಿನೋಡಿ. 111111 ಎಂಬ ಒಂದೇ ಸಾಲು ಆರು ಸಲ, ಪ್ರತಿ ಸಲವೂ ಒಂದೊಂದು ಮನೆ ಎಡಕ್ಕೆ ಸರಿದು ಕೂರುತ್ತದೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಪಕ್ಕದ್ದರಲ್ಲಿ ಎರಡು, ನಡುವಿನದರಲ್ಲಿ ಆರು, ಮತ್ತೆ ಇಳಿತ. ಕೂಡಿಸಿದರೆ ದಶಕವೇ ಇಲ್ಲ. ಹಾರ ಇಷ್ಟು ಚಂದ ಕೂತಿದ್ದರ ಗುಟ್ಟು ಅದೇ. ಒಂಬತ್ತು ಒಂದುಗಳವರೆಗೆ ಈ ಸೊಗಸು ಉಳಿಯುತ್ತದೆ. ಹತ್ತಾದರೆ ನಡುಗಂಬದಲ್ಲಿ 10 ಬಂದು ದಶಕ ಹೊತ್ತು, ವರ್ಗ 1234567900987654321 ಆಗಿ ಹಾರ ಕಡಿಯುತ್ತದೆ.

ಮಹಾವೀರಾಚಾರ್ಯರ 441 ಎಂದರೆ (3×7)², 27994681 ಎಂದರೆ (11×13×37)² = 5291². ವರ್ಗವನ್ನು ಎರಡು ವರ್ಗಗಳಾಗಿ ಒಡೆದು ವಿದ್ಯಾರ್ಥಿಯ ಮುಂದಿಟ್ಟಿದ್ದಾರೆ. ಇದು ತಿಳಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಅಪವರ್ತನ ಸಿಗುವ ಮೊದಲೇ ವರ್ಗ ಹೌದೋ ಅಲ್ಲವೋ ಎಂದು ಜರಡಿ ಹಿಡಿಯಬಹುದು. ವರ್ಗದ ಕೊನೆಯ ಅಂಕಿ 2, 3, 7, 8 ಆಗದು. ಅಂಕಿಗಳನ್ನು ಕೂಡಿಸಿ ಕೂಡಿಸಿ ಒಂದಂಕಿಗೆ ತಂದರೆ 1, 4, 7, 9 ಮಾತ್ರ ಬರಬಹುದು. 16ರಿಂದ ಭಾಗಿಸಿದ ಶೇಷ 0, 1, 4, 9 ಇವುಗಳಲ್ಲೊಂದಾಗಿರಬೇಕು; ಇದಕ್ಕೆ ಕೊನೆಯ ನಾಲ್ಕಂಕಿ ಸಾಕು, 4321ರ ಶೇಷ 1. ಮೂರರಲ್ಲಿ ಒಂದು ತಪ್ಪಿದರೂ ವರ್ಗವಲ್ಲ. ಮೂರೂ ಪಾಸಾದರೆ ವರ್ಗವಾಗಿರಬಹುದು ಎಂದಷ್ಟೇ ಅರ್ಥ.

ಹಂತ 6: ಭಾಜಕಗಳ ಎಣಿಕೆ, ಮೊತ್ತ

ಯಾವುದೇ ಭಾಜಕವನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನು ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಐದು ಅವಿಭಾಜ್ಯ, ತಲಾ ಮೂರು ಆಯ್ಕೆ: 3×3×3×3×3 = 243 ಭಾಜಕಗಳು. ಎಣಿಕೆ ಬೆಸ ಬಂದಿರುವುದೂ ವರ್ಗದ ಗುರುತೇ. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ, ವರ್ಗಮೂಲ ಮಾತ್ರ ತನಗೆ ತಾನೇ ಜೋಡಿ.

ಮೊತ್ತಕ್ಕೆ ಪ್ರತಿ ಅವಿಭಾಜ್ಯಕ್ಕೂ 1 + ಅದು + ಅದರ ವರ್ಗ ಕೂಡಿಸಿ, ಬಂದ ಐದನ್ನೂ ಗುಣಿಸಿ:

13 × 57 × 133 × 183 × 1407 = 25375524993

ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 13029870672. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಹೆಚ್ಚು! ಇಂಥವಕ್ಕೆ ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಸಮ ಸಂಖ್ಯೆಗಳಲ್ಲಿ ಇದು ಮಾಮೂಲಿ, 12ರಿಂದಲೇ ಶುರು. ಬೆಸ ಸಂಖ್ಯೆಗಳಲ್ಲಿ ವಿರಳ. ಎಲ್ಲಕ್ಕಿಂತ ಚಿಕ್ಕದು 945. ನಮ್ಮದರಲ್ಲಿ 2 ಇಲ್ಲ, 5 ಕೂಡ ಇಲ್ಲ, ಆದರೂ ಮೊತ್ತ ಎರಡುಪಟ್ಟು ದಾಟಿ 2.05ರಷ್ಟು ಬಂದಿದೆ. ಮೊತ್ತ ಸರಿಯಾಗಿ ಎರಡುಪಟ್ಟು ಬರುವ ಬೆಸ ಸಂಖ್ಯೆ ಒಂದೂ ಈವರೆಗೆ ಸಿಕ್ಕಿಲ್ಲ, ಇರಲಾರದೆಂದು ಸಾಧಿಸಿದವರೂ ಇಲ್ಲ.

ಹಂತ 7: ಹರ್ಷದ ಸಂಖ್ಯೆಯೇ?

ಇದು ನಮ್ಮ ಮುಂಬಯಿ ಕಡೆಯ ಮಕ್ಕಳಿಗೆ ಬಲು ಇಷ್ಟ, ಏಕೆಂದರೆ ಹೆಸರು ಕೊಟ್ಟವರು ಹತ್ತಿರದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್. ಕಾಪ್ರೇಕರ್ ಸ್ಥಿರಾಂಕ ಎನಿಸಿಕೊಂಡ 6174 ಎಂದರೆ ಅವರ ಹೆಸರೇ ನೆನಪಾಗುತ್ತದೆ. ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗೆ ಅವರು 'ಹರ್ಷದ', ಸಂತೋಷ ಕೊಡುವಂಥದ್ದು, ಎಂದು ಹೆಸರಿಟ್ಟರು.

ನಮ್ಮ ಸಂಖ್ಯೆಯ ಮೊತ್ತ 36, ಸಂಖ್ಯೆಯೋ ಬೆಸ. ಆದ್ದರಿಂದ ಹರ್ಷದವಲ್ಲ. ಮಕ್ಕಳ ಮುಖ ಬಾಡಿತು. ಆಗ 9ರಿಂದ ಭಾಗಿಸಿ ನೋಡಿ ಎಂದೆ: 1371739369. ಅಂಕಿಗಳ ಮೊತ್ತ 49. ಈ ಸಂಖ್ಯೆಯೊಳಗೆ 7² ಕೂತೇ ಇದೆ! 49ರಿಂದ ಭಾಗಿಸಿದರೆ ಬರುವುದು 27994681, ಮಹಾವೀರಾಚಾರ್ಯರ ಅದೇ ಸಂಖ್ಯೆ. ಆ ಹೊತ್ತಿಗೆ ಒಳಗಿನಿಂದ ತಿಂಡಿಗೆ ಕರೆ ಬಂದರೂ ಯಾರೂ ಏಳಲಿಲ್ಲ.

ಹಂತ 8: ಎರಡು ವರ್ಗಗಳ ಮೊತ್ತವಾಗಿ

ಅವಿಭಾಜ್ಯಗಳನ್ನು 4ರಿಂದ ಭಾಗಿಸಿ ಶೇಷ ನೋಡಿ. 3, 7, 11ಕ್ಕೆ ಶೇಷ 3. 13, 37ಕ್ಕೆ ಶೇಷ 1. ಶೇಷ 3 ಇರುವವು ಸಮ ಘಾತದಲ್ಲಿದ್ದರೆ ಮಾತ್ರ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಇಲ್ಲಿ ಎಲ್ಲವೂ 2, ಅಡ್ಡಿಯಿಲ್ಲ. 3 × 7 × 11 = 231 ಬರೀ ಗುಣಕವಾಗಿ ಪಕ್ಕಕ್ಕೆ ನಿಲ್ಲುತ್ತದೆ, ನಿಜವಾದ ಕೆಲಸ 13 ಮತ್ತು 37ರದ್ದು.

13² = 5² + 12², 37² = 12² + 35². ಮೊದಲನೆಯದನ್ನು 37 × 231ರಿಂದಲೂ ಎರಡನೆಯದನ್ನು 13 × 231ರಿಂದಲೂ ಹಿಗ್ಗಿಸಿದರೆ ಎರಡು ಉತ್ತರ ಸಿಕ್ಕವು. ಎರಡನ್ನೂ ಒಟ್ಟಿಗೆ ಬೆರೆಸಿದರೆ ಇನ್ನೆರಡು: 5×35 − 12×12 = 31, 5×12 + 12×35 = 480; ಚಿಹ್ನೆ ತಿರುಗಿಸಿದರೆ 319, 360. ಇವನ್ನು 231ರಿಂದ ಗುಣಿಸಿ. ಹೀಗೆ 111111 ಕರ್ಣವಾಗಿರುವ ನಾಲ್ಕು ಲಂಬಕೋನ ತ್ರಿಭುಜಗಳು ಸಿಗುತ್ತವೆ:

42735 ಮತ್ತು 102564
36036 ಮತ್ತು 105105
7161 ಮತ್ತು 110880
73689 ಮತ್ತು 83160

ಎರಡನೆಯದು ತಾಳೆ ನೋಡಲು ಸುಲಭ: 1298593296 + 11047061025 = 12345654321.

ಕೈಪರೀಕ್ಷೆಗಳೆಲ್ಲ ಸೋತರೆ

ಎಲ್ಲ ಸಂಖ್ಯೆಗಳೂ ಇಷ್ಟು ಉದಾರವಲ್ಲ. ಮಹಾವೀರಾಚಾರ್ಯರದೇ ಇನ್ನೊಂದು ಹಾರ 15151 ತೆಗೆದುಕೊಳ್ಳಿ. ಅಂಕಿಗಳ ಮೊತ್ತ 13, ಹಾಗಾಗಿ 3 ಇಲ್ಲ. 151 − 15 = 136, ಹಾಗಾಗಿ 7, 11, 13 ಇಲ್ಲ. 151 + 15 = 166, 37 ಇಲ್ಲ. ಒಂದೊಂದಾಗಿ ಭಾಗಿಸುತ್ತ ಹೋದರೆ ಇಪ್ಪತ್ತೊಂಬತ್ತನೇ ಅವಿಭಾಜ್ಯದವರೆಗೆ ಏನೂ ಸಿಗದು.

ಇಲ್ಲಿ ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ದಾರಿ ಹಿಡಿಯಿರಿ. ಸಂಖ್ಯೆಗಿಂತ ದೊಡ್ಡದಾದ, ಅದಕ್ಕೆ ತೀರ ಹತ್ತಿರದ ವರ್ಗ ತೆಗೆದುಕೊಳ್ಳಿ: 124² = 15376. ಅದರಿಂದ 15151 ಕಳೆಯಿರಿ: 225. ಇದು 15². ಹಾಗಾದರೆ 15151 = 124² − 15² = (124 − 15)(124 + 15) = 109 × 139. ಒಂದೇ ಹೆಜ್ಜೆ! ವರ್ಗ ಬರದಿದ್ದರೆ 125, 126 ಎಂದು ಮುಂದೆ ಹೋಗಬೇಕು. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಬೇಗ ಸಿಗುತ್ತವೆ, ದೂರವಿದ್ದರೆ ಬೇಸರ ಬರುವಷ್ಟು ತಡ.

ತೀರ ದೊಡ್ಡವಕ್ಕೆ ಕಂಪ್ಯೂಟರೇ ಗತಿ. ಪೈಥಾನ್‌ನಲ್ಲಿ ಪೂರ್ಣಾಂಕಗಳಿಗೆ ಅಂಕಿಯ ಮಿತಿಯಿಲ್ಲ. ಲಿನಕ್ಸ್‌ನಲ್ಲಿ 'ಫ್ಯಾಕ್ಟರ್' ಎಂಬ ಆದೇಶವೇ ಇದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯುವುದು ಸುಲಭ. ಸುಲಭವೆಂದು ಖಚಿತವಾಗಿ ಸಾಧಿಸಿದ್ದು 2002ರಲ್ಲಿ ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ. ಆದರೆ ಅದರ ಅಪವರ್ತನಗಳನ್ನು ಹುಡುಕುವುದು ಇಂದಿಗೂ ಕಷ್ಟ. 250 ಅಂಕಿಯ ಆರ್‌ಎಸ್‌ಎ-250 ಎಂಬ ಸಂಖ್ಯೆ ಒಡೆದದ್ದು 2020ರಲ್ಲಿ. ಮುಂಬಯಿಯಲ್ಲಿ ಈ ವಿದ್ಯೆಗೆ ದೊಡ್ಡ ಮನೆಯೆಂದರೆ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಸಂಖ್ಯಾಸಿದ್ಧಾಂತಕ್ಕೇ ಬಾಳು ಸವೆಸಿದ ಮಂಡ್ಯದ ಕೆ. ರಾಮಚಂದ್ರ ಅಲ್ಲಿದ್ದರು, 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆ ಹಾರ್ಡಿ-ರಾಮಾನುಜನ್ ಜರ್ನಲ್ ಶುರುಮಾಡಿದರು. ಕನ್ನಡದ ಮಕ್ಕಳಿಗೆ ಅವರ ಹೆಸರು ಹೇಳದೆ ನಾನು ಪಾಠ ಮುಗಿಸುವುದಿಲ್ಲ.

ಮುಂದಿನ ಭಾನುವಾರಕ್ಕೆ

ಅದೇ ಗ್ರಂಥದ 11000011000011 ನಿಮಗಿರಲಿ. ಕತ್ತರಿಸಿ: 11 | 000 | 011 | 000 | 011. ಕೂಡಿಸಿ-ಕಳೆದರೆ 33, ಬರೀ ಕೂಡಿಸಿದರೂ 33. ಆದ್ದರಿಂದ 11 ಉಂಟು. 7, 13, 37 ಇಲ್ಲ. ಅಂಕಿಗಳ ಮೊತ್ತ 6, ಹಾಗಾಗಿ 3 ಉಂಟು, 9 ಇಲ್ಲ. 33 ತೆಗೆದರೆ 333333666667 ಉಳಿದು ದಾರಿ ಮುಚ್ಚಿದಂತೆ ಕಾಣುತ್ತದೆ. ಒಂದು ಹೆಜ್ಜೆ ಹಿಂದೆ ಬನ್ನಿ. 11 ಮಾತ್ರ ತೆಗೆದಾಗ ಇದ್ದದ್ದು 1000001000001. ಸಾವಿರವನ್ನು ಅ ಎಂದುಕೊಂಡರೆ ಅದು ಅ⁴ + ಅ² + 1, ಅಂದರೆ (ಅ² + ಅ + 1)(ಅ² − ಅ + 1), ಅಂದರೆ 1001001 × 999001. ಮೊದಲನೆಯದು 3 × 333667. ಎರಡನೆಯದನ್ನು 19ರಿಂದ ಭಾಗಿಸಿದರೆ 52579. ಈ 333667 ಮತ್ತು 52579 ಎರಡೂ ಅವಿಭಾಜ್ಯವೇ. ಎರಡನೆಯದನ್ನು ಕೈಯಲ್ಲೇ ಖಚಿತಪಡಿಸಿಕೊಳ್ಳಬೇಕೆಂದರೆ 229ರವರೆಗಿನ ಐವತ್ತು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅಕ್ಕನ ಮಗಳು ನಿನ್ನೆ ರಾತ್ರಿ 101ರವರೆಗೆ ಬಂದಿದ್ದಾಳೆ.